ಸೊಸೆಯ ಸಹಿ

ಮಾರ್ಚ್ ೧೧, ಬುಧವಾರ

ಕಂಟ್ರಾಕ್ಟರ್ ಇವತ್ತು ಸೊಸೆಯನ್ನು ಮೇಡಂ ಎಂದ. ನನ್ನನ್ನು ಅಜ್ಜಿ ಎಂದ.

ಮಹಡಿಯ ಕೆಲಸ ಶುರುವಾದಾಗಿನಿಂದ ನಾನು ಬೆರಳು ತೋರಿಸಿದರೆ ಸಾಕಿತ್ತು. ಕಿಟಕಿ ಎರಡಡಿ ಅಗಲವಾಗಲಿ ಎಂದೆ, ಆಯಿತು. ಮೆಟ್ಟಿಲು ಆ ಕಡೆ ತಿರುಗಲಿ ಎಂದೆ, ತಿರುಗಿತು. ಬೆಲೆ ಕೇಳುವುದು ನನ್ನ ಘನತೆಗೆ ತಕ್ಕದ್ದಲ್ಲ ಅನ್ನಿಸಿತ್ತು. ಇವತ್ತು ಅವೆಲ್ಲ ಹೆಚ್ಚುವರಿ ಕೆಲಸವೆಂದು ಮೊಳದುದ್ದ ಪಟ್ಟಿ ತಂದ.

"ಇದಕ್ಕೆಲ್ಲ ಬೇರೆ ದುಡ್ಡು ಅಂತ ಆವಾಗ್ಲೇ ಬಾಯಿ ಬಿಡೋಕೆ ಏನಾಗಿತ್ತು?" ಎಂದು ಗದರಿದೆ.

"ನೀವು ಕೇಳಲೇ ಇಲ್ವಲ್ಲ ಅಜ್ಜಿ."

ಸೊಸೆ ಪಟ್ಟಿಯನ್ನು ಓದಿದಳು. ದನಿ ಏರಿಸಲೂ ಇಲ್ಲ. "ಇದನ್ನೆಲ್ಲ ಮಾಡೋಕೆ ಅತ್ತೆ ಹೇಳಿದ್ದು ನಿಜ, ಅಷ್ಟೂ ಕೊಡ್ತೀವಿ. ಇನ್ಮೇಲೆ ಏನೇ ಬದಲಾವಣೆ ಇದ್ರೂ ಮೊದಲು ಚೀಟಿ ಬರೀರಿ, ಬೆಲೆ ಹಾಕಿ, ನನ್ನ ಸಹಿ ತಗೊಳ್ಳಿ. ಆಮೇಲೆ ಕೆಲಸಕ್ಕೆ ಕೈ ಹಚ್ಚಿ."

"ಆಗ್ಲಿ ಮೇಡಂ" ಎಂದು ಬೆಣ್ಣೆಯಂತೆ ಕರಗಿದ. ಆರು ತಿಂಗಳಲ್ಲಿ ಒಮ್ಮೆಯೂ ನನ್ನೆದುರು ಹಾಗೆ ತಲೆಬಾಗಿದವನಲ್ಲ.

ಅವಳು ನನ್ನ ಮಾತು ಉಳಿಸಿದಳು. ಅದಕ್ಕೇ ಹೊಟ್ಟೆ ಉರಿಯುತ್ತಿದೆ. ಜಗಳವಾಡಿದ್ದರೆ ಗೆಲ್ಲುತ್ತಿದ್ದೆ. ಮೂವತ್ತು ವರ್ಷ ಈ ಮನೆಯಲ್ಲಿ ನನ್ನ ಮಾತೇ ಸಹಿಯಾಗಿತ್ತು.

ಹಿತ್ತಲ ಬಾಗಿಲಿಗೆ ಬಿಸಿಲು ತಡೆಯಲು ಒಂದು ಸಜ್ಜಾ ಬೇಕು. ಚೀಟಿ ಬರೆದಿಟ್ಟಿದ್ದೇನೆ. ಬೆಲೆ ಅವನು ಹಾಕಬೇಕು, ಸಹಿ ಅವಳು. ಸಹಿ ಹಾಕಮ್ಮ ಎನ್ನಲು ನಾಲಿಗೆ ಏಳುವುದಿಲ್ಲ. ಬೆಳಿಗ್ಗೆ ಸುಮ್ಮನೆ ಅವಳ ಲೋಟದ ಕೆಳಗೆ ಇಡುತ್ತೇನೆ.

ನನ್ನ ಅಕ್ಷರವಂತೂ ಅವಳದಕ್ಕಿಂತ ದುಂಡಗಿದೆ. ಅದನ್ನಾದರೂ ಅವನು ನೋಡಲಿ.