ಖಾಲಿ ಎಂದು ಬರೆದ ಹದಿನೆಂಟು ಜಾಗ

ಶಹಾಪುರ ಪಟ್ಟಣ ಪುನಶ್ಚೇತನ ಮಂಡಳಿಯ ಅಧ್ಯಕ್ಷರಿಗೆ, ಊರಿಗೆಲ್ಲ ಕೇಳುವ ಹಾಗೆ

ಮಾನ್ಯರೇ,

ನಮ್ಮ ಹಳೇ ಬಜಾರಿನಲ್ಲಿ ನಿಮ್ಮ ಮಂಡಳಿ ‘ಖಾಲಿ’ ಎಂದು ಬರೆದುಕೊಂಡ ಹದಿನೆಂಟು ಜಾಗಗಳಲ್ಲಿ ಒಂದೂ ಖಾಲಿ ಇರಲಿಲ್ಲ. ಈಗ ಅಲ್ಲಿ ಉಕ್ಕಿನ ಬೆಂಚುಗಳಿವೆ, ಹೂಕುಂಡಗಳಿವೆ, ಸಂಜೆಯಾದರೆ ನೀಲಿ ದೀಪ ಹತ್ತುತ್ತವೆ. ಹದಿನೆಂಟು ಮಂದಿ ಮಾತ್ರ ಇಲ್ಲ. ಸರ್ಕಾರದ ಪುನಶ್ಚೇತನ ಅನುದಾನವನ್ನು ಹೇಗೆ ಬಳಸಬೇಕೆಂದು ದಾರಿ ತೋರಿಸಲು ಸುರಪುರಕ್ಕೂ ಯಾದಗಿರಿಗೂ ಇದೇ ಮಾದರಿಯ ಮಂಡಳಿ ರಚಿಸುತ್ತೀರಂತೆ. ಆ ಊರಿನವರೂ ನಮ್ಮಷ್ಟು ಅದೃಷ್ಟವಂತರಾಗುವ ಮೊದಲು ನಾಲ್ಕು ಮಾತು ಹೇಳಬೇಕಾಗಿದೆ.

ನಮ್ಮ ಬಜಾರಿನ ಪದ್ಧತಿ ನಿಮಗೆ ಗೊತ್ತಿರಲಿಕ್ಕಿಲ್ಲ. ನೆಲದ ಮೇಲೆ ಗೋಣಿಚೀಲ ಹಾಸಿ ಮಾರುವವರು ಊರಿಗೆ ಹೋಗಲಿ, ಜಡ್ಡಿಗೆ ಬೀಳಲಿ, ಗೋಣಿ ಮಡಚಿಟ್ಟು ಅದರ ಮೇಲೊಂದು ಕಲ್ಲು ಹೇರಿ ಹೋಗುತ್ತಾರೆ. ಕಲ್ಲು ಇರುವತನಕ ಆ ಜಾಗದಲ್ಲಿ ಇನ್ನೊಬ್ಬರು ಕೂಡುವುದಿಲ್ಲ. ಬಾಳೆಹಣ್ಣಿನ ಅಂಬ್ರಪ್ಪನ ಕಾಲು ಮುರಿದಾಗ ಅವನ ಕಲ್ಲು ಐದು ತಿಂಗಳು ಕೂತಿತ್ತು. ದೀಪಾವಳಿಯ ಗದ್ದಲದಲ್ಲೂ ಯಾರೂ ಅದನ್ನು ಸರಿಸಲಿಲ್ಲ. ಇದಕ್ಕೆ ಪಟ್ಟಾ ಇಲ್ಲ, ಪಾವತಿ ಇಲ್ಲ, ಸಿಕ್ಕಾ ಇಲ್ಲ. ಕೋರ್ಟಿಗೆ ಹೋದ ತಕರಾರೂ ಇಲ್ಲ. ನಿಮ್ಮ ಕಪಾಟಿನಲ್ಲಿರುವ ಎಷ್ಟು ದಾಖಲೆಗಳ ಬಗ್ಗೆ ಹೀಗೆ ಹೇಳಬಹುದು?

ನಿಮ್ಮ ಸಮೀಕ್ಷೆಯವರು ಬಂದದ್ದು ಹತ್ತಿ ಬಿಡಿಸುವ ಹಂಗಾಮಿನಲ್ಲಿ. ಆಗ ನೆಲದವರಲ್ಲಿ ಅನೇಕರು ದೇವಾಪುರದ ಕಡೆ ಹೊಲಗಳಿಗೆ ಕೂಲಿಗೆ ಹೋಗುತ್ತಾರೆ. ಒಟ್ಟು ಜಾಗ ಅರವತ್ತೊಂದು, ಜನ ಕೂತದ್ದು ನಲವತ್ಮೂರು, ಉಳಿದವು ಖಾಲಿ. ಲೆಕ್ಕದಲ್ಲಿ ಒಂದು ಅಂಕಿಯೂ ತಪ್ಪಿಲ್ಲ, ಒಪ್ಪುತ್ತೇನೆ. ಕಲ್ಲುಗಳನ್ನೂ ಮರೆತಿಲ್ಲ, ಅವಕ್ಕೆ ಪ್ರತ್ಯೇಕ ಕಾಲಂ ಮಾಡಿ ‘ತೆರವುಗೊಳಿಸಬೇಕಾದ ತ್ಯಾಜ್ಯ, ಹದಿನೆಂಟು’ ಎಂದು ಬರೆದಿದ್ದಾರೆ.

ಇದನ್ನು ತಿದ್ದಬಲ್ಲವರು ಮಂಡಳಿಯಲ್ಲಿ ಯಾರೂ ಇರಲಿಲ್ಲವೇ? ಸದಸ್ಯರು ಹತ್ತು ಮಂದಿ. ಸಭೆ ಬಜಾರಿನಲ್ಲಲ್ಲ, ಬಸ್ಸು ಹತ್ತಿ ಹೋಗಬೇಕಾದ ಭೀಮರಾಯನಗುಡಿಯಲ್ಲಿ, ತಂಪು ಕೋಣೆಯಲ್ಲಿ. ಏಳನೇ ಕುರ್ಚಿ ‘ವ್ಯಾಪಾರಿ ಪ್ರತಿನಿಧಿ’ಯದು. ಅದರಲ್ಲಿ ಕೂತವನು ನಾನು. ಇಷ್ಟು ಹೊತ್ತು ‘ನಿಮ್ಮ ಮಂಡಳಿ’ ಎಂದು ಬರೆಯುತ್ತ ಬಂದದ್ದೂ ನನ್ನದೊಂದು ಚಾಲಾಕಿಯೇ.

ನಾನು ಸ್ಟೀಲ್ ಪಾತ್ರೆ ಅಂಗಡಿಯವ. ಇಪ್ಪತ್ತಾರು ವರ್ಷದ ಹಿಂದೆ ಒಂದು ಚೀಲ ಚಮಚ, ಸೌಟು ಹೊತ್ತು ಬಂದಾಗ ಕೂಡಲು ಜಾಗವಿರಲಿಲ್ಲ. ಬಳೆ ಮಾರುವ ಮುನ್ನಿಬೀ ತನ್ನ ಗೋಣಿಯನ್ನು ಒಂದು ಕಡೆ ಎಳೆದುಕೊಂಡು, “ಕುಂಡ್ರೋ ಇಲ್ಲಿ. ನಿನ್ನ ಸಾಮಾನಿಗಿಂತ ನಿನ್ನ ಬಾಯಿ ದೊಡ್ಡದದ, ಅದನ್ನ ಅತ್ತ ತಿರುಗಿಸ್ಕೊಂಡು ಕುಂಡ್ರು” ಅಂದಳು. ಆಕೆಯನ್ನು ಖಾಲಾ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತ ಆ ಅರ್ಧ ಜಾಗದಲ್ಲಿ ಆರು ವರ್ಷ ಕೂತೆ. ಆಮೇಲೆ ಆಕೆಯ ಬೆನ್ನ ಹಿಂದೆಯೇ ಶಟರಿನ ಅಂಗಡಿ ಹಿಡಿದೆ.

ಸಭೆಯ ದಿನ ಗೋಡೆಯ ಮೇಲೆ ನಕ್ಷೆ ಮೂಡಿತು. ಹದಿನೆಂಟು ಹಸಿರು ಚೌಕ. ಅದರಲ್ಲೊಂದು ನನ್ನ ಅಂಗಡಿಯ ಬಾಗಿಲಿಗೆ ನೇರ. ಮುನ್ನಿಬೀ ಆಗ ಮಗಳು ಗುಲ್ನಾಜ್‌ಳ ಬಾಣಂತನಕ್ಕೆ ಕಲಬುರಗಿಗೆ ಹೋಗಿದ್ದಳು. ಕಲ್ಲು ನೋಡಿಕೊಳ್ಳುತ್ತೇನೆ ಎಂದು ಹೇಳಿ ಕಳಿಸಿದವನು ನಾನೇ. ಆದರೆ ಬಾಗಿಲ ಮುಂದೆ ತೆರವಾದರೆ ನನ್ನ ಕೊಡಗಳು ದೊಡ್ಡ ರಸ್ತೆಯಿಂದಲೇ ಕಾಣುತ್ತವೆ ಎಂಬುದೂ ಆ ಹಸಿರಿನಲ್ಲಿ ನನಗೆ ಕಂಡಿತು. “ಯಾರದಾದರೂ ಆಕ್ಷೇಪಣೆ?” ಎಂದಿರಿ. “ಇಲ್ರೀ ಸಾಹೇಬ್ರ” ಅಂದೆ. ನಡಾವಳಿಯಲ್ಲಿ ‘ಸರ್ವಾನುಮತ’ ಎಂದಾಯಿತು. ಮಾತಾಡಿಯೇ ಹೊಟ್ಟೆ ಹೊರೆದವನು ಮಾತಾಡಬೇಕಾದ ಒಂದೇ ದಿನ ಎರಡು ಶಬ್ದಕ್ಕೆ ಮುಗಿಸಿದೆ.

ಹತ್ತಿ ಮುಗಿಸಿ ಬಂದವರು ಬೆಂಚು ನೋಡಿ, ಸರ್ಕಾರದ್ದು ಅಂದುಕೊಂಡು, ತಳ್ಳುಗಾಡಿಗಳ ಸಂದಿಯಲ್ಲಿ ತೂರಿಕೊಂಡರು. ಮುನ್ನಿಬೀ ಬಂದದ್ದು ಎರಡೂವರೆ ತಿಂಗಳಿಗೆ. ಬಳೆಯ ಗಂಟು ಇಳಿಸದೆ ನಿಂತಳು.

“ತಾಯಪ್ಪ, ನನ್ನ ಕಲ್ಲು ಎಲ್ಲಿ ಹೋಯ್ತೋ?”

“ಮಂಡಳಿಯವ್ರು ತೆಗಿಸ್ಯಾರ, ಖಾಲಾ. ಊರು ಚಂದ ಮಾಡಾಕತ್ತಾರ.”

“ಮಾಡ್ಲಿ. ನಾ ಏನು ಅಷ್ಟು ಖರಾಬ್ ಕಾಣ್ತೀನಾ?” ನಕ್ಕಳು. ಆಮೇಲೆ ಕೇಳಿದಳು: “ಆ ಮಂಡಳ್ಯಾಗ ನನ್ನ ಗುರ್ತಿನಾಂವ ಒಬ್ಬನೂ ಇದ್ದಿಲ್ಲೇನು?”

“ಇದ್ದಿಲ್ಲ, ಖಾಲಾ.”

“ಹಂಗಾದ್ರ ಅವ್ರದೇನು ತಪ್ಪು, ಬಿಡು.”

ಬೆಂಚಿನ ಮೇಲೆ ಬಳೆ ಹರವಿದರೆ ಕಾವಲಿನವ ಎಬ್ಬಿಸುತ್ತಾನೆ. ಈಗ ಬಸ್ ನಿಲ್ದಾಣದ ಹಿಂದೆ ಗಟಾರದ ಬದಿ ಕೂಡುತ್ತಾಳೆ; ಬಳೆ ಇಡಿಸಿಕೊಳ್ಳಲು ಹೆಣ್ಣುಮಕ್ಕಳು ಅಲ್ಲಿಗೆ ಹೋಗುವುದಿಲ್ಲ. ಬರುವ ಹದಿನೈದನೇ ತಾರೀಖಿಗೆ ಗುಲ್ನಾಜ್ ಬಂದು ಆಕೆಯನ್ನು ಕರೆದೊಯ್ಯುತ್ತಾಳೆ, ಕಾಯಂ ಆಗಿ. “ಅಲ್ಲಿ ರೊಟ್ಟಿಗೇನು ಕಮ್ಮಿ ಇಲ್ಲ ಬಿಡೋ. ಇಲ್ಲಿ ಬಳೆ ಮುನ್ನಿಬೀ ಅಂತಾರ, ಅಲ್ಲಿ ಗುಲ್ನಾಜ್‌ನ ಅಮ್ಮ ಅಂತಾರ, ಅಷ್ಟ” ಎಂದಳು ಮೊನ್ನೆ. ಮೂವತ್ತೊಂದು ವರ್ಷ ಈ ಊರಿನ ಮದುಮಕ್ಕಳ ಕೈ ಹಿಡಿದವಳು. ಇದಕ್ಕೆ ನಕ್ಷೆಯಲ್ಲಿ ಯಾವ ಬಣ್ಣ, ಸಾಹೇಬರೇ?

ಆದ್ದರಿಂದ ಕೇಳುತ್ತಿದ್ದೇನೆ. ಹದಿನೈದರೊಳಗೆ ಬೆಂಚು ಎಬ್ಬಿಸಿ, ಹದಿನೆಂಟೂ ಜಾಗ ಅವರವರಿಗೆ ಬಿಟ್ಟುಕೊಡಿ. ಅನುದಾನ ಮುಗಿದಿದೆ ಎನ್ನಬೇಡಿ. ಬೆಂಚು ಕೀಳಲು ಎರಡು ಹಾರೆ ಸಾಕು, ನಾನೇ ತರುತ್ತೇನೆ. ಮೂರೂ ಊರುಗಳ ಮಂಡಳಿಯಲ್ಲಿ ನೆಲದವರು ತಾವಾಗಿ ಆರಿಸಿದ ಇಬ್ಬರಾದರೂ ಇರಲಿ, ಸಭೆ ಬಜಾರಿನಲ್ಲೇ ನಡೆಯಲಿ. ಏಳನೇ ಕುರ್ಚಿಗೆ ಇದೇ ನನ್ನ ರಾಜೀನಾಮೆ.

ಮುನ್ನಿಬೀಗೆ ಕನ್ನಡ ಓದಲು ಬರುವುದಿಲ್ಲ. ಈ ಪತ್ರ ಅಚ್ಚಾದ ದಿನ ಗಟಾರದ ಬದಿ ಕೂತು ನಾನೇ ಓದಿ ಹೇಳುತ್ತೇನೆ. ಗುರುತಿಲ್ಲದವರೆಂದು ನಿಮ್ಮನ್ನು ಆಕೆ ಆಗಲೇ ಮಾಫ್ ಮಾಡಿದ್ದಾಳೆ. ನನಗೆ ಆ ಸವಲತ್ತು ಇಲ್ಲ.

ಇಂತಿ,
ಹತ್ತರಲ್ಲಿ ಇದ್ದ ಒಬ್ಬನೇ ಗುರುತಿನವ,
ತಾಯಪ್ಪ
ಸ್ಟೀಲ್ ಪಾತ್ರೆ ಅಂಗಡಿ, ಹಳೇ ಬಜಾರ, ಶಹಾಪುರ