ಸದ್ರಿಯ ಹೋರಿ

ಗಿಯಾನ್ಯಾರ್, ಬಾಲಿ
೧೪ ಸೆಪ್ಟೆಂಬರ್ ೧೯೯೬

ಪ್ರೀತಿಯ ಲಂದ್ರಿ ಅಕ್ಕನಿಗೆ,

ನಿನ್ನ ತಂಗಿ ರೆಂಪಿಯ ನಮಸ್ಕಾರ. ಸುಲಾವೆಸಿಯಲ್ಲಿ ನಿಮ್ಮ ಗದ್ದೆಗೆ ಈ ಸಲ ನೀರು ಬಂತೇ? ಭಾವನ ಕೆಮ್ಮು ಹೇಗಿದೆ? ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯಲಿಲ್ಲ, ಬೈಯಬೇಡ. ಮಗಳ ದಹನ ಮುಗಿಯುವವರೆಗೆ ಪೆನ್ನು ಹಿಡಿಯಲು ಮನಸ್ಸೇ ಬರಲಿಲ್ಲ.

ಕಾರ್ಯ ಚೆನ್ನಾಗಿ ಆಯಿತು. ಊರಿನವರೆಲ್ಲ ಖರ್ಚು ಹಂಚಿಕೊಂಡು ತಮ್ಮ ತಮ್ಮ ಸತ್ತವರಿಗೆ ಒಟ್ಟಿಗೆ ಮಾಡಿದ್ದರಿಂದ, ಜ್ವರದಲ್ಲಿ ಹೋದ ಸದ್ರಿಯನ್ನು ಹೂತ ಎರಡು ವರ್ಷಕ್ಕಾದರೂ ಮಣ್ಣಿನಿಂದ ಎತ್ತಿ ಬೆಂಕಿಗೆ ಕೊಟ್ಟೆವು. ಅವಳ ಎಲುಬಿಟ್ಟು ಸುಡುವ ಮರದ ಹೋರಿಯನ್ನು ಅವಳಪ್ಪನೇ ಮಾಡಿದರು. ನಿನಗೆ ಗೊತ್ತಲ್ಲ, ಊರಿನ ಹೋರಿಗಳೆಲ್ಲ ಇವರ ಕೈಯವೇ. ಉರಿಯುವಾಗ ತಿರುಗಿ ನೋಡಿದವರಲ್ಲ. "ಕಟ್ಟೋದು ಅರ್ಧ ಕೆಲಸ, ಸುಟ್ಟ ಮೇಲೇ ಪೂರ್ತಿ" ಎನ್ನುತ್ತಿದ್ದವರು ಈ ಹೋರಿಯ ಮುಂದೆ ತಿಂಗಳುಗಟ್ಟಲೆ ಕೂತರು. ರೆಪ್ಪೆಗೂದಲನ್ನು ಒಂದೊಂದಾಗಿ ಅಂಟಿಸಿದರು. ಊಟಕ್ಕೆ ಕರೆದರೆ, "ಇನ್ನೂ ಕಿವಿ ಸರಿಯಾಗಿಲ್ಲ ಕಣೇ."

ಸುಡುಗಾಡಿನಲ್ಲಿ ಮಿಕ್ಕ ಹೋರಿಗಳೆಲ್ಲ ಹೊತ್ತಿಕೊಂಡವು. ಇವರು ನಮ್ಮದರ ಕೊರಳು ತಬ್ಬಿ ನಿಂತುಬಿಟ್ಟರು. ಬಿಡಿಸಲು ಹೋದ ಮೈದುನನನ್ನು ತಳ್ಳಿದರು. "ಇನ್ನೂ ಮುಗಿದಿಲ್ಲ ಕಣ್ರೋ! ಬಣ್ಣ ಆರಿಲ್ಲ!"

ಗುಂಪಿನಲ್ಲಿ ಯಾರೋ ಇವರಿಗೆ, "ಬೇರೆಯವರ ಮನೇದಾದ್ರೆ ಬೇಗ ಆರುತ್ತಾ ನೆಂಗಾ?" ಎಂದು ನಕ್ಕರು.

ನಮ್ಮ ಮುದಿ ಪುರೋಹಿತರು ಗಂಟೆ ಕೆಳಗಿಟ್ಟು ಹತ್ತಿರ ಬಂದರು. "ಬ್ರಹ್ಮನ ಕೆಲಸ ಇಷ್ಟು ವರ್ಷ ಮಾಡಿದೀಯ ಮಗಾ. ಶಿವನ ಕೆಲಸಾನ ಬೇರೆಯವರ ಕೈಗೆ ಬಿಟ್ಟು ಮನೆಗೆ ಹೋಗ್ತಿದ್ದೆ. ಇವತ್ತು ಎರಡೂ ನಿಂದೇ."

"ನನ್ ಕೈಲಿ ಆಗಲ್ಲ ಸ್ವಾಮಿ."

"ಆಗುತ್ತೆ ಅಂತ ಯಾರು ಹೇಳಿದ್ರು? ಕೈ ಚಾಚು, ಸಾಕು."

ಇವರು ಪಂಜು ಹಿಡಿದರು. ಕಿಡಿ ಮೊದಲು ಇವರ ಪಂಚೆಗೇ ಬಿತ್ತು. ಆಮೇಲೆ ಹೋರಿಯ ಹೊಟ್ಟೆಗೆ. ಈ ಸಲ ಕಡೆಯ ಕೆಂಡದವರೆಗೂ ಅಲ್ಲೇ ನಿಂತು ನೋಡಿದರು. ಸಂಜೆ ಬೂದಿಯನ್ನು ಸಮುದ್ರಕ್ಕೆ ಬಿಟ್ಟೆವು. ನಾನು ಅಳಲಿಲ್ಲ ಅಕ್ಕ. ಅವಳು ಹೋದ ದಿನವೇ ಇವರು, "ಕಣ್ಣೀರು ಬಿದ್ರೆ ಅವಳ ದಾರಿ ಜಾರುತ್ತೆ, ತಡ್ಕೋ" ಎಂದಿದ್ದರು. ತಡೆದುಕೊಂಡೇ ಇದ್ದೇನೆ.

ಈಗ ಮತ್ತೆ ಉಳಿ ಹಿಡಿದಿದ್ದಾರೆ, ಪಕ್ಕದ ಊರಿನ ಮುದುಕಿಯೊಬ್ಬಳ ಹೋರಿಗೆ. ಜನ ಹುಡುಕಿಕೊಂಡು ಬಂದು ಇವರ ಹತ್ತಿರ ಕೂರುತ್ತಾರೆ. "ನೆಂಗಾ ಮೋಹ ಗೆದ್ದ" ಎನ್ನುತ್ತಾರೆ. ಇವರು ತಲೆ ತಗ್ಗಿಸಿ ಕೆತ್ತುತ್ತಲೇ ಇರುತ್ತಾರೆ.

ನಿನ್ನ ಮೊಮ್ಮಕ್ಕಳು ಗಟ್ಟಿಯಾಗಿ ಬೆಳೆಯಲಿ. ಹಿರಿಯರು ನಿಮ್ಮ ಮನೆಯನ್ನು ಕಾಯಲಿ.

ನಿನ್ನ ತಂಗಿ,
ರೆಂಪಿ

ಮಡಿಸುವ ಮುನ್ನ ಬರೆದದ್ದು: ಎಲುಬು ತೊಳೆದು ಬಿಳಿ ಬಟ್ಟೆಯ ಮೇಲೆ ಜೋಡಿಸುವಾಗ ಎಡಗೈ ಕಿರುಬೆರಳಿನದೊಂದು ಸಿಗಲಿಲ್ಲ. ಒಂದು ಉಳಿದರೂ ಜೀವಕ್ಕೆ ಬಿಡುಗಡೆಯಿಲ್ಲವೆಂದು ನಾನು ಗುಂಡಿಗಿಳಿದು ಮಣ್ಣು ಕೆದಕಿದೆ. ಇವರೂ ಪಕ್ಕದಲ್ಲಿ ಮಂಡಿಯೂರಿ ಹುಡುಕಿದರು. "ಮಣ್ಣು ತಿಂದಿರ್ಬೇಕು ಬಿಡು ರೆಂಪಿ" ಎಂದರು. ಮೊನ್ನೆ ಎಣ್ಣೆ ಬಟ್ಟೆಗೆಂದು ಇವರ ಉಳಿಪೆಟ್ಟಿಗೆ ತೆಗೆದರೆ, ಆ ಪುಟ್ಟ ಎಲುಬನ್ನು ಹತ್ತಿಯಲ್ಲಿ ಸುತ್ತಿ ಇಟ್ಟಿದ್ದಾರೆ. ಹಾಗೇ ಮುಚ್ಚಿದೆ. ಇಟ್ಟುಕೊಂಡದ್ದಕ್ಕೆ ನನಗೆ ಸಿಟ್ಟಿಲ್ಲ ಅಕ್ಕ. ಆವತ್ತು ಕೆದಕಿ ಕೆದಕಿ ನನ್ನ ಉಗುರು ಕಿತ್ತು ರಕ್ತ ಬಂದಿತ್ತು. ಬಟ್ಟೆ ಹರಿದು ಬೆರಳಿಗೆ ಕಟ್ಟಿದವರು ಇವರೇ.