ನಿನ್ನ ಪಿಯಾನೋದ ಶ್ರುತಿ

ಮಾರ್ಚ್ ೧೪, ಗುರುವಾರ

ಪ್ರೀತಿಯ ಗಡಿಯಾರ,

ಹೇಗಿದ್ದೀಯ? ಉತ್ತರ ತಡವಾಯಿತು, ತಾಳ ತಪ್ಪದ ಗಡಿಯಾರ ನೀನು, ಬೈದುಕೊಂಡಿರುತ್ತೀಯ. ತಾಲೀಮು ಮುಗಿಸಿ ಬಂದರೆ ಪೆನ್ನು ಹಿಡಿಯಲು ತ್ರಾಣವಿರುವುದಿಲ್ಲ.

ನಮ್ಮಿಬ್ಬರ ಸಂಗೀತ ಸಾಕಾಯಿತೆಂದು ಹೋದ ವರ್ಷ ನೀನು ಫೋನಿನಲ್ಲಿ ಹೇಳಿದ ಮೇಲೆ ತಿಂಗಳುಗಟ್ಟಲೆ ನಾನು ಸ್ಯಾಕ್ಸಫೋನನ್ನು ಪೆಟ್ಟಿಗೆಯಿಂದ ತೆಗೆದಿರಲಿಲ್ಲ. ಈಗ ತೆಗೆದಿದ್ದೇನೆ. ಮುಂದಿನ ತಿಂಗಳು ರೆಕಾರ್ಡಿಂಗ್. ಪಿಯಾನೋಗೆ ಯಾರನ್ನೂ ಗೊತ್ತುಮಾಡಿಲ್ಲ. ನೀನು ಬರುತ್ತೀಯಾ ಎಂದು ಕೇಳಲೆಂದೇ ಈ ಪತ್ರ.

ಬಾಸ್ ಗಿಟಾರ್ ನುಡಿಸುವವನೊಬ್ಬ, ಡ್ರಮ್ಮಿಗೆ ಒಬ್ಬ ಹೆಂಗಸು. ತಾಲೀಮಿನ ಮಟ್ಟಿಗೆ ಪಿಯಾನೋಗೆ ಅವಳ ಗಂಡ ಕೂರುತ್ತಾನೆ. ಬೀಗದಂಗಡಿಯ ಮೇಲಿನ ಕೋಣೆ. ಕೆಳಗೆ ಕೀಲಿಕೈ ಕೊರೆಯುವ ಯಂತ್ರ ಶುರುವಾದರೆ ನಾವು ನಿಲ್ಲಿಸಬೇಕು. ಮೊದಲ ದಿನ ನಾಲ್ಕು ಸ್ವರ ಊದುವಷ್ಟರಲ್ಲಿ ಗಂಡ ಕೈ ಎತ್ತಿಬಿಟ್ಟ.

“ಸಾರ್, ನೀವು ಶ್ರುತಿಯಲ್ಲಿ ತುಂಬಾ ಕೆಳಗಿದ್ದೀರ.”

“ನಾನಲ್ಲಪ್ಪ, ನಿನ್ನ ಪಿಯಾನೋನೇ ಮೇಲಿದೆ,” ಅಂದೆ.

“ಹೌದಮ್ಮ, ಲೋಕವೆಲ್ಲ ಮೇಲಿದೆ, ಇವರೊಬ್ಬರೇ ನೆಟ್ಟಗಿರೋದು,” ಎಂದು ಬಾಸ್‌ನವನು ಡ್ರಮ್ಮಿನವಳಿಗೆ ಹೇಳಿದ.

ತಪ್ಪು ನನ್ನದೇ. ತಂತಿ ಬಿಗಿ ಮಾಡಿದರೆ ಕಡಿದುಹೋಗುತ್ತದೆಂದು ಶ್ರುತಿ ಮಾಡುವವನು ನಿನ್ನ ಮನೆಯ ಪಿಯಾನೋವನ್ನು ಇಳಿದ ಶ್ರುತಿಯಲ್ಲೇ ಬಿಟ್ಟಿದ್ದನಲ್ಲ. ಅದಕ್ಕೆ ಹೊಂದಲೆಂದು ವರ್ಷಗಟ್ಟಲೆ ಮೌತ್‌ಪೀಸನ್ನು ಹೊರಕ್ಕೆಳೆದೇ ಊದಿದವನು ನಾನು. ಕೈ ತಾನಾಗಿ ಅಲ್ಲೇ ನಿಲ್ಲುತ್ತದೆ. ಒಳಕ್ಕೆ ತಳ್ಳಿ ಊದಿದೆ. ಈಗ ಸರಿಯಾಯಿತು ಎಂದರು. ನನಗೆ ಯಾರದೋ ಚಪ್ಪಲಿ ಮೆಟ್ಟಿ ನಡೆದ ಹಾಗಿತ್ತು.

ಗಂಡ ಚೆನ್ನಾಗಿಯೇ ನುಡಿಸುತ್ತಾನೆ. ಆದರೆ ನಾನು ಉಸಿರೆಳೆದುಕೊಳ್ಳುವ ಸಂದಿಯನ್ನೂ ತುಂಬಿಬಿಡುತ್ತಾನೆ. ಸ್ವಲ್ಪ ಬಿಡು ಮಾರಾಯ ಎಂದರೆ, “ಖಾಲಿ ಬಿಟ್ರೆ ಸ್ವರ ಮರೆತುಬಿಟ್ಟಿದಾನೆ ಅಂದ್ಕೋತಾರೆ ಸಾರ್,” ಎನ್ನುತ್ತಾನೆ. ನಿನಗೆ ಆ ಭಯ ಯಾವತ್ತೂ ಇರಲಿಲ್ಲ.

ಅತ್ತಿಗೆಗೆ ನಮಸ್ಕಾರ. ಮೊಮ್ಮಗಳಿಗೆ ಆಶೀರ್ವಾದ, ಅಳದೆ ಸ್ಕೂಲಿಗೆ ಹೋಗಲಿ.

ನಿನ್ನ,
ಊದುಗೊಳವೆ

ತಾ.ಕ.: ಮೇಲೆ ಬರೆಯಲು ಕೈ ಬರಲಿಲ್ಲ. ಭಾನುವಾರ ಅತ್ತಿಗೆ ಫೋನ್ ಮಾಡಿದ್ದರು. ಹೋದ ವರ್ಷದಿಂದಲೇ ನಿನ್ನ ಎಡಗೈಯಲ್ಲಿ ಶಕ್ತಿಯಿಲ್ಲವಂತೆ, ಅಂಗಿಯ ಗುಂಡಿಯನ್ನೂ ಅವರೇ ಹಾಕಬೇಕಂತೆ. “ನಿಮಗೆ ಹೇಳಬೇಡ ಅಂದಿದ್ರು, ನಂಗೇ ತಡ್ಕೊಳ್ಳೋಕೆ ಆಗ್ಲಿಲ್ಲ,” ಅಂದರು. ಎಡಗೈಯ ತಗ್ಗು ಸ್ವರಗಳನ್ನು ಬಾಸ್‌ನವನು ನೋಡಿಕೊಳ್ಳುತ್ತಾನೆ, ಅವನನ್ನು ಕೇಳಿದ್ದೇನೆ. ನಿನ್ನ ಬಲಗೈ ಸಾಕು. ಬರಲಾಗದಿದ್ದರೆ ಕೈ ಆಗುತ್ತಿಲ್ಲ ಎಂದೇ ಬರೆ. ನನ್ನ ಜೊತೆ ನುಡಿಸಿ ಸಾಕಾಯಿತು ಎಂದು ಮಾತ್ರ ಇನ್ನೊಮ್ಮೆ ಹೇಳಬೇಡ.